ಕಡಲಿನಲ್ಲಿ ತೇಲುವ ನಮ್ಮ ದಾಯಾದಿಗಳು

ಶಾಲೆಗೆ ರಜೆ ಬಂತೆಂದರೆ ಮಲೇಷ್ಯಾದ ನಮ್ಮ ಕನ್ನಡ ಕುಟುಂಬಗಳು ಪೋರ್ಟ್ ಡಿಕ್ಸನ್‌ಗೋ ಲಂಕಾವಿಗೋ ಹೊರಡುವುದು ವಾಡಿಕೆ. ನೀರಿನಲ್ಲಿ ಗಾಜಿನಂತಹ ಜೀವಿಯೊಂದು ತೇಲಿಬಂದರೆ ಮಕ್ಕಳು ಕುತೂಹಲದಿಂದ ಕೈಚಾಚುತ್ತಾರೆ. ಹಿರಿಯರಾದ ನಾವು ‘ಜೆಲ್ಲಿ ಮೀನು’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಆದರೆ ಪಾರದರ್ಶಕವಾದುದೆಲ್ಲವೂ ಜೆಲ್ಲಿ ಮೀನಲ್ಲ. ಅವುಗಳಲ್ಲಿ ಕೆಲವು ನಮ್ಮ ದೂರದ ದಾಯಾದಿಗಳು.

ಅವುಗಳ ಹೆಸರು ಟ್ಯೂನಿಕೇಟ್. ಮೈಮೇಲಿನ ಹೊದಿಕೆಯನ್ನು ಕಂಡು 1816ರಲ್ಲಿ ಲಮಾರ್ಕ್ ಇಟ್ಟ ಹೆಸರದು. ಇವುಗಳಲ್ಲಿ ಅಸಿಡಿಯನ್‌ಗಳು ಬೆಳೆದ ಮೇಲೆ ಬಂಡೆಗೆ ಅಂಟಿ ನಿಲ್ಲುತ್ತವೆ. ಸಾಲ್ಪ್‌ಗಳೂ ಲಾರ್ವೇಸಿಯನ್‌ಗಳೂ ಜೀವನಪೂರ್ತಿ ಸ್ವತಂತ್ರವಾಗಿ ಈಜುತ್ತವೆ. ಲಾರ್ವೇಸಿಯನ್‌ನ ದೇಹ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್, ರೂಪ ಗೊದಮೊಟ್ಟೆಯಂತೆ. ಅದು ಲೋಳೆಯ ಮನೆ ಕಟ್ಟಿಕೊಂಡು, ಅದರಿಂದಲೇ ನೀರನ್ನು ಸೋಸಿ ಆಹಾರ ಪಡೆಯುತ್ತದೆ. ಜಾಲರಿ ಕಟ್ಟಿಕೊಂಡಾಗ ಮನೆಯನ್ನು ತೊರೆದು ಹೊಸದನ್ನು ಕಟ್ಟುತ್ತದೆ. ದಿನಕ್ಕೆ ಹಲವು ಬಾರಿ. ತೊರೆದ ಮನೆಗಳು ಮುಳುಗುತ್ತಾ ಇಂಗಾಲವನ್ನು ಕಡಲಾಳಕ್ಕೆ ಒಯ್ಯುತ್ತವೆ.

1866ರಲ್ಲಿ ರಷ್ಯಾದ ಕೊವಲೆವ್‌ಸ್ಕಿ ಅಸಿಡಿಯನ್ ಮರಿಯ ಬಾಲದಲ್ಲಿ ನೋಟೊಕಾರ್ಡ್ ಎಂಬ ಆಧಾರದಂಡವಿರುವುದನ್ನು ತೋರಿಸಿದರು. ಹೀಗೆ ಮೃದ್ವಂಗಿಗಳ ಸಾಲಿನಲ್ಲಿದ್ದ ಈ ಜೀವಿಗಳು ನಾವಿರುವ ಕಾರ್ಡೇಟ ವಂಶಕ್ಕೆ ಸೇರಿದವು. ಅಸಿಡಿಯನ್ ಬೆಳೆದಾಗ ಬಾಲವನ್ನು ಕಳೆದುಕೊಳ್ಳುತ್ತದೆ. ಲಾರ್ವೇಸಿಯನ್ ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ಬೆನ್ನೆಲುಬುಳ್ಳ ಪ್ರಾಣಿಗಳಿಗೆ ಜೀವಂತ ಬಂಧುಗಳಲ್ಲಿ ಅತಿ ಹತ್ತಿರದವರು ಟ್ಯೂನಿಕೇಟ್‌ಗಳೇ ಎಂಬುದನ್ನು 2006ರ ವಂಶವಾಹಿ ಅಧ್ಯಯನ ಸೂಚಿಸಿತು. ಬೆನ್ನುನೋವೆಂದು ಬರುವವರಿಗೆ ವೈದ್ಯರಾದ ನಾವು ‘ಡಿಸ್ಕ್ ಜಾರಿದೆ’ ಎನ್ನುತ್ತೇವಲ್ಲ, ಆ ಡಿಸ್ಕಿನ ಮೃದುವಾದ ತಿರುಳು ಹುಟ್ಟುವುದು ಭ್ರೂಣದ ನೋಟೊಕಾರ್ಡಿನಿಂದಲೇ.

ವರ್ಗೀಕರಣವು ಕೇವಲ ಪುಸ್ತಕದ ವಿಷಯವಲ್ಲ. ಸಾಲ್ಪ್‌ಗೆ ಕುಟುಕುವ ಕಣಗಳಿಲ್ಲ. ಜೆಲ್ಲಿ ಮೀನು ಸೇರಿದ ನಿಡೇರಿಯ ವಂಶಕ್ಕೆ ಅವು ಇವೆ. ಮಲೇಷ್ಯಾದ ಕಡಲಿನಲ್ಲಿರುವ ಕೆಲವು ಬಾಕ್ಸ್ ಜೆಲ್ಲಿ ಮೀನುಗಳ ವಿಷ ಪ್ರಾಣವನ್ನೇ ತೆಗೆಯಬಲ್ಲದು. ಅಲೆಯ ನಡುವೆ ಇವೆರಡರ ಭೇದ ಬರಿಗಣ್ಣಿಗೆ ಸುಲಭವಾಗಿ ತಿಳಿಯದು. ಆದ್ದರಿಂದ ಮಕ್ಕಳು ನೋಡಲಿ, ಮುಟ್ಟದಿರಲಿ.

ಕುಟುಕಿದರೆ ತಕ್ಷಣ ದಡಕ್ಕೆ ಕರೆತರಬೇಕು. ಗಾಯವನ್ನು ಉಜ್ಜಬಾರದು, ಸಿಹಿನೀರು ಸುರಿಯಬಾರದು. ವಿನೆಗರನ್ನು ಕನಿಷ್ಠ ಅರ್ಧ ನಿಮಿಷ ಹೊಯ್ಯಬೇಕು. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಪ್ರಜ್ಞೆ ತಪ್ಪಿದರೆ ಕೂಡಲೇ 999ಕ್ಕೆ ಕರೆ ಮಾಡಬೇಕು. ಮುಂದಿನ ಪ್ರವಾಸದಲ್ಲಿ ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲಿ ವಿನೆಗರ್ ಬಾಟಲಿಯೊಂದಕ್ಕೂ ಜಾಗವಿರಲಿ ಎಂಬುದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ.