ಡಿಸ್ನಿ ಲೋಕಕ್ಕೆ ಬುತ್ತಿಯ ಗಂಟು

2024ರ ಜೂನ್ ತಿಂಗಳಲ್ಲಿ ಅಮೆರಿಕೆಯ ಅಟ್ಲಾಂಟಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು ನಾವು ದಂಪತಿಗಳೂ ಫ್ಲಾರಿಡಾ ರಾಜ್ಯದ ವಾಲ್ಟ್ ಡಿಸ್ನಿ ವರ್ಲ್ಡ್ ನೋಡಲು ಹೊರಟೆವು. ಒರ್ಲಾಂಡೊ ನಗರದ ಸಮೀಪ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ಈ ವಿನೋದನಗರಿಯಲ್ಲಿ ಈಗ ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಮುಖ್ಯ ಉದ್ಯಾನಗಳಿವೆ. ನಾಲ್ಕು ರಾತ್ರಿ ಅಲ್ಲಿಯೇ ತಂಗುವುದೆಂದು ನಿಶ್ಚಯವಾಯಿತು. ಆದರೆ ಹೊರಡುವ ಮೊದಲೇ ಮನೆಯಲ್ಲಿ ಒಂದು ಜಿಜ್ಞಾಸೆ ಹುಟ್ಟಿತು. ಊಟದ ಹಣವನ್ನು ಮುಂಗಡವಾಗಿ ಕಟ್ಟಬೇಕೇ, ಬೇಡವೇ?

ಅಲ್ಲಿನ ಹೋಟೆಲುಗಳಲ್ಲಿ ತಂಗುವವರಿಗಾಗಿ ‘ಡೈನಿಂಗ್ ಪ್ಲ್ಯಾನ್’ ಎಂಬ ವ್ಯವಸ್ಥೆಯುಂಟು. 2005ರಲ್ಲಿ ಆರಂಭವಾದ ಇದು 2020ರ ಕೊರೋನಾ ಕಾಲದಲ್ಲಿ ನಿಂತುಹೋಗಿ, 2024ರ ಜನವರಿಯಲ್ಲಿ ಮತ್ತೆ ಪ್ರಾರಂಭವಾಗಿತ್ತು. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ತಂಗಿದ ಪ್ರತಿ ರಾತ್ರಿಯ ಲೆಕ್ಕಕ್ಕೆ ಒಬ್ಬರಿಗೆ ಎರಡು ಸಾದಾ ಊಟ, ಒಂದು ಉಪಾಹಾರ; ಎರಡನೆಯದರಲ್ಲಿ ಒಂದು ಊಟವನ್ನು ಮೇಜಿಗೆ ತಂದು ಬಡಿಸುತ್ತಾರೆ. ಆ ವರ್ಷ ವಯಸ್ಕರಿಗೆ ಒಂದು ರಾತ್ರಿಗೆ ಮೊದಲನೆಯದಕ್ಕೆ 57.01 ಡಾಲರ್, ಎರಡನೆಯದಕ್ಕೆ 94.28 ಡಾಲರ್ ದರವಿತ್ತು.

ಮಗನಿಗೆ ಇದನ್ನು ಕೊಳ್ಳಬೇಕೆಂಬ ಆಸೆ. ಅದಕ್ಕೆ ಅವನು ಕೊಟ್ಟ ಕಾರಣ ಹಣದ್ದಲ್ಲ. “ಅಪ್ಪಾ, ನೀವು ಪ್ರತಿಯೊಂದು ತಿನಿಸಿನ ಬೆಲೀನೂ ಎಂಬತ್ಮೂರರಿಂದ ಗುಣಿಸಿ ನೋಡ್ತೀರಿ. ಹಂಗ ಗುಣಿಸಿದರ ತುತ್ತು ಗಂಟಲದಾಗ ಇಳಿಯೂದಿಲ್ಲ. ಮೊದಲ ಕಟ್ಟಿಬಿಟ್ಟರ ನೀವೂ ಅವ್ವನೂ ಹೊಟ್ಟಿತುಂಬ ಉಣ್ತೀರಿ” ಎಂದನು. ಅವನ ಮಾತು ಸುಳ್ಳಾಗಿರಲಿಲ್ಲ. ಹಿಂದಿನ ವಾರವಷ್ಟೇ ಒಂದು ಹೋಟೆಲಿನಲ್ಲಿ ದರಪಟ್ಟಿಯನ್ನು ಕಂಡು ನಾವು ಹಸಿವಿಲ್ಲವೆಂದು ಹೇಳಿ ಬರಿಯ ಕಾಫಿ ಕುಡಿದು ಎದ್ದಿದ್ದೆವು. ಅದು ಅವನ ಮನಸ್ಸಿಗೆ ನಾಟಿತ್ತೆಂದು ಅಂದು ತಿಳಿಯಿತು.

ಆದರೂ ರಾತ್ರಿ ಕಾಗದ ಹಿಡಿದು ಕುಳಿತೆವು. ಜೊತೆಗೆ ತಂಗುವವರಲ್ಲಿ ಮೂರು ವರ್ಷ ದಾಟಿದವರೆಲ್ಲರೂ ಯೋಜನೆಗೆ ಸೇರಲೇಬೇಕು. ಹತ್ತು ವರ್ಷ ತುಂಬಿದವರು ವಯಸ್ಕರ ಲೆಕ್ಕ. ಹನ್ನೊಂದರ ಮೊಮ್ಮಗಳನ್ನು ಸೇರಿಸಿ ಐವರು ವಯಸ್ಕರು. ಏಳು ವರ್ಷದ ಮೊಮ್ಮಗನಿಗೆ ರಾತ್ರಿಗೆ 23.83 ಡಾಲರ್. ಸಾದಾ ಯೋಜನೆಗೇ ನಾಲ್ಕು ರಾತ್ರಿಗೆ 1,235 ಡಾಲರ್ ಮೀರಿತು. ಆಗಿನ ದರದಲ್ಲಿ ಒಂದು ಲಕ್ಷ ರೂಪಾಯಿಗೂ ಹೆಚ್ಚು.

ಆ ವರ್ಷ ಅಲ್ಲಿ ಶಾಕಾಹಾರದ ಸಾದಾ ಊಟವೊಂದು ಸುಮಾರು 12ರಿಂದ 16 ಡಾಲರಿಗೆ ದೊರೆಯುತ್ತಿತ್ತು. ಎರಡು ಊಟ, ತಂಪು ಪಾನೀಯ, ಒಂದು ಉಪಾಹಾರ ಕೂಡಿಸಿದರೂ ನಮ್ಮಂಥವರಿಗೆ ದಿನಕ್ಕೆ 57 ಡಾಲರ್ ಮುಟ್ಟುವುದು ಕಷ್ಟವಾಗಿತ್ತು. ಹಾಗಾದರೆ ಉಳಿದ ಹಣ ಎತ್ತ ಹೋಗುತ್ತದೆ? ಇಪ್ಪತ್ತೊಂದು ವರ್ಷ ದಾಟಿದವರಿಗೆ ಪ್ರತಿ ಊಟದೊಡನೆ ಒಂದು ಮದ್ಯಪಾನೀಯವೂ ಈ ಯೋಜನೆಯಲ್ಲಿ ಸೇರಿದೆ! ಮದ್ಯವನ್ನೂ ಬೆಲೆಬಾಳುವ ಮಾಂಸದ ಅಡಿಗೆಯನ್ನೂ ಸೇವಿಸುವವರಿಗೆ ಇದು ಲಾಭ. ಎರಡನ್ನೂ ಮುಟ್ಟದ ಮನೆಯವರು ಅದೇ ದರವನ್ನು ತೆರಬೇಕು.

ಇನ್ನೊಂದು ಮಾತು. ನಮ್ಮ ಮನೆಯವರು ಬೆಳಗಿನ ಲಿಂಗಪೂಜೆಯಾಗುವವರೆಗೆ ಏನನ್ನೂ ಸ್ವೀಕರಿಸುವುದಿಲ್ಲ. ಮಧ್ಯಾಹ್ನ ಒಂದು ಹೊತ್ತು ಊಟ, ರಾತ್ರಿ ಹಾಲು-ಹಣ್ಣು. ಅವರ ಪಾಲಿನ ಎಂಟು ಊಟಗಳಲ್ಲಿ ನಾಲ್ಕು ಹಾಗೆಯೇ ಉಳಿಯುತ್ತಿದ್ದವು. ಬಳಸದೆ ಉಳಿದವು ಹೋಟೆಲು ಬಿಡುವ ದಿನದ ನಡುರಾತ್ರಿಗೆ ರದ್ದಾಗುತ್ತವೆ, ಹಣ ಮರಳದು. ಕಟ್ಟಿದ ಹಣ ವ್ಯರ್ಥವಾಗಬಾರದೆಂದು ಹಸಿವಿಲ್ಲದೆ ಉಣ್ಣುವುದು, ಉಣ್ಣಲಾಗದೆ ಚೆಲ್ಲುವುದು, ಇವೆರಡೂ ಅನ್ನವನ್ನು ಪ್ರಸಾದವೆಂದು ಭಾವಿಸುವವರಿಗೆ ಒಪ್ಪುವ ಮಾತಲ್ಲ. ದಾಸೋಹದ ಪಂಕ್ತಿಯಲ್ಲಿ ಹಸಿವು ಮೊದಲು; ಇಲ್ಲಿ ಲೆಕ್ಕ ಮೊದಲು.

ಬೇಡವೆಂದಾಗ ಮಗನ ಮುಖ ಸಪ್ಪಗಾಯಿತು. “ಇನ್ನು ಮುಂದೆ ಗುಣಿಸುವುದಿಲ್ಲ” ಎಂದು ಅವನಿಗೆ ವಚನವಿತ್ತೆವು. ಸೊಸೆ ಎರಡು ದಿನ ಕುಳಿತು ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆಯ ಚುರಮುರಿ ಸಿದ್ಧಪಡಿಸಿದಳು. ಗಾಜಿನ ಪಾತ್ರೆಯನ್ನೂ ಮದ್ಯವನ್ನೂ ಬಿಟ್ಟರೆ ಸ್ವಂತ ಬುತ್ತಿಯನ್ನು ಉದ್ಯಾನಗಳೊಳಗೆ ಒಯ್ಯಲು ಅಲ್ಲಿ ಅಡ್ಡಿಯಿಲ್ಲ. ಊಟದ ಅಂಗಡಿಗಳಲ್ಲಿ ಕೇಳಿದರೆ ಹಿಮಗಡ್ಡೆ ಹಾಕಿದ ನೀರನ್ನು ಉಚಿತವಾಗಿ ಕೊಡುತ್ತಾರೆ. ಜೂನಿನ ಸುಡುಬಿಸಿಲಿಗೆ ಅದು ದೊಡ್ಡ ಉಪಕಾರ. ದರಪಟ್ಟಿಗಳಲ್ಲಿ ಎಲೆಯ ಗುರುತಿರುವ ತಿನಿಸುಗಳು ಸಂಪೂರ್ಣ ಸಸ್ಯಜನ್ಯವಾದವು. ಮಧ್ಯಾಹ್ನ ಮಳೆ ಬಂದಾಗ ಸೂರಿನಡಿ ಕುಳಿತು ಬುತ್ತಿ ಬಿಚ್ಚುತ್ತಿದ್ದೆವು. ಸಂಜೆ ಮಕ್ಕಳು ಬಯಸಿದ್ದನ್ನು ಕೊಳ್ಳುತ್ತಿದ್ದೆವು.

ದರಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹೋಗುವವರು ತಮ್ಮ ಮನೆಯವರು ದಿನಕ್ಕೆ ನಿಜವಾಗಿ ಎಷ್ಟು ಉಣ್ಣುತ್ತಾರೆ, ಏನನ್ನು ಉಣ್ಣುತ್ತಾರೆ ಎಂಬುದನ್ನು ಮೊದಲು ಬರೆದುಕೊಳ್ಳಲಿ. ಅನಂತರ ಯೋಜನೆಯ ದರವನ್ನು ನೋಡಲಿ.

ಮೂರನೆಯ ಸಂಜೆ ಮಗ ನಮ್ಮನ್ನು ಅನಿಮಲ್ ಕಿಂಗ್‌ಡಮ್ ಲಾಡ್ಜಿನ ‘ಸನಾ’ ಎಂಬ ಭೋಜನಶಾಲೆಗೆ ಕರೆದೊಯ್ದನು. ಕಿಟಕಿಯಾಚೆ ಜಿರಾಫೆಗಳು ಮೇಯುತ್ತಿದ್ದವು. ನಮ್ಮ ಕಡೆಯ ನಾನ್, ಕುಲ್ಚಾಗಳನ್ನು ಬಗೆಬಗೆಯ ಚಟ್ನಿಗಳೊಡನೆ ತಂದಿಟ್ಟರು. ನಮ್ಮ ಮನೆಯವರು ಅಂದು ಇನ್ನೊಂದು ತುಂಡನ್ನು ತಾವಾಗಿಯೇ ಕೇಳಿ ಹಾಕಿಸಿಕೊಂಡರು. ಮಗ ಅದನ್ನು ನೋಡುತ್ತಲೇ ಇದ್ದನು. ಬಿಲ್ಲು ಎಷ್ಟಾಯಿತೆಂದು ನಾವು ಇಂದಿಗೂ ಕೇಳಿಲ್ಲ.