ಬಾಯಿಯ ದೂರು

ದೇಹದ ಅವಯವಗಳಲ್ಲಿ ಬಾಯಿಯಷ್ಟು ಸೂಕ್ಷ್ಮವಾದ ಕಾವಲುಗಾರ ಇನ್ನೊಂದಿಲ್ಲ. ಅನ್ನದಲ್ಲಿ ಒಂದು ಸಣ್ಣ ಹರಳು ಬಂದರೆ ಸಾಕು, ಊಟದ ಸೊಗಸೆಲ್ಲ ಅಲ್ಲಿಗೆ ಮುಗಿಯುತ್ತದೆ. ಮಾವಿನಹಣ್ಣಿನ ಒಂದು ನಾರು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ, ಅದು ಹೊರಬರುವವರೆಗೆ ನಾಲಿಗೆಗೆ ಬೇರೆ ಕೆಲಸವೇ ಇರುವುದಿಲ್ಲ. ಕನ್ನಡಿಯಲ್ಲಿ ಸಾಸಿವೆಯಷ್ಟು ಕಾಣುವ ಹುಣ್ಣು ನಾಲಿಗೆಯ ತುದಿಗೆ ನೆಲ್ಲಿಕಾಯಿಯಷ್ಟಾಗಿ ತೋರುತ್ತದೆ. ಇಂತಹ ಬಾಯಿಯೊಳಕ್ಕೆ ಮನುಷ್ಯನು ತಾನಾಗಿಯೇ ಹೊರಗಿನ ವಸ್ತುವೊಂದನ್ನು ತಂದಿರಿಸಿಕೊಂಡರೆ ಅದು ದೂರು ಹೇಳದೆ ಬಿಟ್ಟೀತೆ?

ಹಿಂದೆ ಹಲ್ಲು ಉಬ್ಬಿದ್ದರೆ ಅದನ್ನು ಹಣೆಬರಹವೆಂದು ಭಾವಿಸಿ ಜನ ಸುಮ್ಮನಾಗುತ್ತಿದ್ದರು. ಆಮೇಲೆ ಲೋಹದ ತಂತಿಯ ಕ್ಲಿಪ್ಪುಗಳು ಬಂದವು. ಈಗ ಕಣ್ಣಿಗೆ ಕಾಣದಂತೆ ಹಲ್ಲಿನ ಸಾಲನ್ನು ಮುಚ್ಚಿಕೊಳ್ಳುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚುಗಳು ಬಂದಿವೆ. ಇವಕ್ಕೆ ಅಲೈನರ್ ಎಂದು ಹೆಸರು. ಹಲ್ಲುಗಳನ್ನು ಅಚ್ಚಿನಿಂದ ಮೆಲ್ಲಮೆಲ್ಲನೆ ಸರಿಸಬಹುದೆಂಬ ಆಲೋಚನೆಯನ್ನು ಅಮೆರಿಕದ ಕೆಸ್ಲಿಂಗ್ ಎಂಬ ದಂತವೈದ್ಯ 1945ರಲ್ಲಿಯೇ ಮುಂದಿಟ್ಟಿದ್ದ. ಗಣಕಯಂತ್ರದ ನೆರವಿನಿಂದ ಅದು ಬಳಕೆಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹುಡುಗ ಹುಡುಗಿಯರೂ ಇಂದು ಮೈಸೂರಿನ ಬಸ್ಸು ಹತ್ತಿ ಇದನ್ನು ಹಾಕಿಸಿಕೊಂಡು ಬರಬಹುದಾಗಿದೆ.

ಇದರ ಕೆಲಸ ಬಹಳ ನಿಧಾನದ್ದು. ಒಂದು ಅಚ್ಚು ಹಲ್ಲನ್ನು ಸರಿಸುವುದು ಸುಮಾರು ಕಾಲು ಮಿಲಿಮೀಟರಿನಷ್ಟು ಮಾತ್ರ. ಒಂದೆರಡು ವಾರಗಳಿಗೊಮ್ಮೆ ಅಚ್ಚು ಬದಲಾಗುತ್ತದೆ. ಊಟಕ್ಕೂ ಹಲ್ಲುಜ್ಜುವುದಕ್ಕೂ ಬಿಟ್ಟರೆ ದಿನಕ್ಕೆ 20ರಿಂದ 22 ಗಂಟೆಗಳ ಕಾಲ ಅದು ಬಾಯಲ್ಲಿಯೇ ಇರಬೇಕು. ಹಲ್ಲನ್ನು ಒತ್ತಿದ ಕಡೆ ದವಡೆಯ ಮೂಳೆ ಕರಗುತ್ತದೆ. ಹಿಂದೆ ತೆರವಾದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಯನ್ನು ಸವೆಸುವಂತೆ, ಗದ್ದಲವಿಲ್ಲದ ಸಣ್ಣ ಒತ್ತಡವೊಂದು ಗಟ್ಟಿಯಾದುದನ್ನು ತನ್ನ ದಾರಿಗೆ ತರುತ್ತದೆ.

ಆದರೆ ಮೊದಲ ದಿನಗಳ ಕಷ್ಟ ಅನುಭವಿಸಿದವರಿಗೇ ಗೊತ್ತು. ಅಚ್ಚಿನ ಅಂಚು ನಾಲಿಗೆಯ ಪಕ್ಕವನ್ನೂ ಕೆನ್ನೆಯ ಒಳಗೋಡೆಯನ್ನೂ ಉಜ್ಜುತ್ತದೆ. ಉಜ್ಜಿದಲ್ಲಿ ಕೆಂಪಾಗುತ್ತದೆ, ಕೆಂಪಾದಲ್ಲಿ ಹುಣ್ಣೇಳುತ್ತದೆ. ಬಾಯಲ್ಲಿ ನೀರೂರಿ ಮಾತು ತೊದಲುತ್ತದೆ. ಸಕಾರ ಶಕಾರಗಳನ್ನು ಬೇರೆಮಾಡಿ ಉಚ್ಚರಿಸಲು ಕನ್ನಡದ ಮೇಷ್ಟರು ವರ್ಷಗಟ್ಟಲೆ ಪಟ್ಟ ಶ್ರಮವನ್ನು ಈ ಪ್ಲಾಸ್ಟಿಕ್ ತುಂಡು ಒಂದೇ ದಿನದಲ್ಲಿ ನೀರುಪಾಲು ಮಾಡುತ್ತದೆ. ಊಟಕ್ಕೆ ಕುಳಿತರೆ ಮುದ್ದೆಯಿಂದೇನೂ ತೊಂದರೆಯಿಲ್ಲ. ಅದು ಹಲ್ಲಿನ ಹಂಗಿಲ್ಲದೆ ನುಂಗುವ ಅನ್ನ. ತೊಂದರೆ ಇರುವುದು ಉಪ್ಪುಸಾರಿನ ಖಾರದಲ್ಲಿ. ಹುಣ್ಣಿಗೆ ಅದು ತಗುಲಿದೊಡನೆ ಕಣ್ಣಲ್ಲಿ ನೀರು ಬರುತ್ತದೆ. “ಅಲ್ಲ ಕಣವ್ವ, ದುಡ್ಡು ಕೊಟ್ಟು ಹುಣ್ಣು ತಂದ್ಕೊಂಡೆಯಲ್ಲ!” ಎಂದು ಮನೆಯ ಅಜ್ಜಿ ನಕ್ಕರೆ ಆಶ್ಚರ್ಯವೇನೂ ಇಲ್ಲ.

ಅಜ್ಜಿಯ ನಗುವಿಗೆ ಉತ್ತರ ರೈತನ ಕೊಟ್ಟಿಗೆಯಲ್ಲಿದೆ. ಎಳೆಯ ಹೋರಿಯನ್ನು ಮೊದಲ ಸಲ ನೊಗಕ್ಕೆ ಹೂಡಿದಾಗ ಅದರ ಹೆಗಲು ಕೆಂಪಾಗುತ್ತದೆ. ತಿಳಿದ ರೈತ ಅದಕ್ಕಾಗಿ ಉಳುಮೆಯನ್ನು ಬಿಟ್ಟುಬಿಡುವುದಿಲ್ಲ. ಹೋರಿಯ ನೋವನ್ನು ಕಡೆಗಣಿಸುವುದೂ ಇಲ್ಲ. ನೊಗವನ್ನು ಕೈಯಿಂದ ತಡವಿ ನೋಡುತ್ತಾನೆ. ಎಲ್ಲಿ ಸಿಬಿರೆದ್ದಿದೆಯೋ ಅಲ್ಲಿ ಹೆರೆದು ನಯಮಾಡುತ್ತಾನೆ. ಹೆಗಲಿಗೆ ಎಣ್ಣೆ ಸವರುತ್ತಾನೆ. ಅಲೈನರಿನ ಹುಣ್ಣಿಗೂ ಇದೇ ನ್ಯಾಯ. ಚುಚ್ಚುವ ಅಂಚು ಯಾವುದೆಂದು ವೈದ್ಯರಿಗೆ ತೋರಿಸಿದರೆ ಅವರು ನಯವಾದ ಅರದಿಂದ ಅದನ್ನು ಉಜ್ಜಿ ಕೊಡುತ್ತಾರೆ. ಅಲ್ಲಿಯವರೆಗೆ ದಂತವೈದ್ಯರು ಕೊಡುವ ಮೇಣದ ಒಂದು ಚೂರನ್ನು ಆ ಅಂಚಿಗೆ ಒತ್ತಿಕೊಳ್ಳಬಹುದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ದಿನಕ್ಕೆ ಮೂರು ನಾಲ್ಕು ಬಾರಿ ಮುಕ್ಕಳಿಸಬಹುದು. ಅಚ್ಚನ್ನು ತಣ್ಣೀರಿನಲ್ಲಿ ಶುಚಿಯಾಗಿ ತೊಳೆಯಬೇಕು. ಬಿಸಿನೀರು ತಗುಲಿದರೆ ಅದರ ಆಕಾರ ಕೆಟ್ಟು ಮತ್ತೊಂದು ಕಡೆ ಒತ್ತೀತು. ನೋವಾಯಿತೆಂದು ದಿನಗಟ್ಟಲೆ ತೆಗೆದಿಟ್ಟರೆ ಹಲ್ಲು ಹಿಂದಕ್ಕೆ ಸರಿದು, ಮತ್ತೆ ಹಾಕುವಾಗ ನೋವು ಮೊದಲಿನಿಂದ ಶುರುವಾಗುತ್ತದೆ. ಬಾಯಿಯ ಒಳಪೊರೆಯು ಮೈಯ ಚರ್ಮಕ್ಕಿಂತ ಬೇಗ ಹೊಸದಾಗುವುದರಿಂದ, ಉಜ್ಜುವುದು ನಿಂತರೆ ಇಂತಹ ಹುಣ್ಣು ವಾರ ಹತ್ತು ದಿನಗಳಲ್ಲಿ ಮಾಯುತ್ತದೆ. ಹೊಸ ಚಪ್ಪಲಿ ಕಚ್ಚುವುದನ್ನು ಬಿಟ್ಟಂತೆ ಅಚ್ಚೂ ಬಾಯಿಗೆ ಒಗ್ಗಿಕೊಳ್ಳುತ್ತದೆ.

ಆದರೆ ಒಗ್ಗಿಕೊಳ್ಳುವುದೆಲ್ಲ ಒಳ್ಳೆಯದಕ್ಕೇ ಎಂದು ತಿಳಿಯಬಾರದು. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗಂತೂ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಇದು ಹೊಗೆಸೊಪ್ಪಿನ ನಾಡು. ಮುಂಗಾರಿನಲ್ಲಿ ಹೊಲಗಳ ತುಂಬ ವರ್ಜೀನಿಯಾ ಸೊಪ್ಪು ಅಗಲವಾಗಿ ಎಲೆ ಹರಡುತ್ತದೆ; ಬ್ಯಾರನ್ನುಗಳಲ್ಲಿ ಅದನ್ನು ಹದಮಾಡಿ, 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯ ಹರಾಜುಕಟ್ಟೆಗೆ ರೈತರು ಒಯ್ಯುತ್ತಾರೆ. ಸೊಪ್ಪು ಮಾರಿದ ಹಣದಿಂದಲೇ ಮಕ್ಕಳ ಓದು, ಮನೆಯ ಮದುವೆ ನಡೆದಿರುವ ಕುಟುಂಬಗಳು ಇಲ್ಲಿ ಎಷ್ಟೋ ಇವೆ. ಹೀಗೆ ಬೆಳೆದ ಸೊಪ್ಪು ಬಹುಮಟ್ಟಿಗೆ ಸಿಗರೇಟಿಗೆ ಹೋಗುತ್ತದೆ. ವೀಳೆಯದೆಲೆ, ಅಡಕೆ, ಸುಣ್ಣಗಳ ಜೊತೆ ದವಡೆಯಲ್ಲಿ ಒತ್ತಿಡುವ ಕಡ್ಡಿಪುಡಿಯ ಸೊಪ್ಪು ಬೇರೆ ಜಾತಿಯದು. ಜಾತಿ ಬೇರೆಯಾದರೂ ವಿಷ ಒಂದೇ.

ಕಡ್ಡಿಪುಡಿಯೂ ಬಾಯಿಗೆ ಹೊರಗಿನ ವಸ್ತುವೇ. ಮೊದಲ ದಿನ ಅದನ್ನು ಹಾಕಿಕೊಂಡವನ ತಲೆ ತಿರುಗುತ್ತದೆ, ಬಿಕ್ಕಳಿಕೆ ಬರುತ್ತದೆ, ಕೆನ್ನೆಯ ಒಳಗೆ ಉರಿಯುತ್ತದೆ. ಬಾಯಿಯು ತನ್ನ ದೂರನ್ನು ಸ್ಪಷ್ಟವಾಗಿಯೇ ಹೇಳಿಬಿಡುತ್ತದೆ. ಕೇಳುವವರಿಲ್ಲದಿದ್ದರೆ ಅದು ಕೆಲವು ದಿನಗಳಲ್ಲಿ ಸುಮ್ಮನಾಗುತ್ತದೆ. ಆ ಮೌನವನ್ನು ಮನುಷ್ಯ ಒಗ್ಗಿತೆಂದು ತಿಳಿಯುತ್ತಾನೆ. ಅಲೈನರಿಗೆ ಒಗ್ಗಿದ ಬಾಯಿಯಲ್ಲಿ ಹುಣ್ಣು ಮಾಯ್ದಿರುತ್ತದೆ. ಕಡ್ಡಿಪುಡಿಗೆ ಒಗ್ಗಿದ ಬಾಯಿಯಲ್ಲಿ ಸೋಂಕಿಲ್ಲದೆ, ಸದ್ದಿಲ್ಲದೆ ಕೇಡು ಬೆಳೆಯುತ್ತಿರುತ್ತದೆ. ಕೆನ್ನೆಯ ಒಳಗೆ ಬಿಳಿಯ ಮಚ್ಚೆಯೊಂದು ಮೂಡುತ್ತದೆ. ಅದು ನೋಯುವುದಿಲ್ಲ, ಆದ್ದರಿಂದಲೇ ಯಾರೂ ಅದನ್ನು ನೋಡುವುದಿಲ್ಲ. ಅಡಕೆಯೊಂದನ್ನೇ ಬಹುಕಾಲ ಅಗಿದವರಲ್ಲಿಯೂ ಕೆನ್ನೆಯ ಒಳಪೊರೆ ನಾರುಗಟ್ಟಿ ಬಾಯಿ ಬಿಗಿಯುವ ರೋಗವುಂಟು. ಖಾರ ತಿಂದರೆ ಬಾಯಿ ಉರಿಯುವುದು ಅದರ ಮೊದಲ ಸೂಚನೆಗಳಲ್ಲಿ ಒಂದು. ಪಾಪ, ಉರಿ ತಾಳಲಾರದೆ ರೋಗಿಯು ಮೆಣಸಿನಕಾಯನ್ನು ಬಿಡುತ್ತಾನೆ; ಅಡಕೆಯನ್ನು ಬಿಡುವುದಿಲ್ಲ!

ಇದು ಕೇವಲ ಹೆದರಿಸುವ ಮಾತಲ್ಲ. ಅಡಕೆಯು ಹೊಗೆಸೊಪ್ಪಿನ ಜೊತೆಯಿಲ್ಲದೆಯೂ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹದಿನೈದು ವರ್ಷ ಮೇಲ್ಪಟ್ಟ ನೂರು ಮಂದಿಯಲ್ಲಿ ಸುಮಾರು 21 ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಕಾನೂನು ಅಂಗಡಿಯ ಬಾಗಿಲವರೆಗೆ ಹೋಗಬಲ್ಲದು. ಬಾಯಿಯ ಬಾಗಿಲನ್ನು ಕಾಯಬೇಕಾದವನು ಅದರ ಒಡೆಯನೇ.

ಕಾಯುವ ವಿಧಾನ ಕಷ್ಟದ್ದೇನಲ್ಲ. ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಎರಡು ಪಕ್ಕ, ನಾಲಿಗೆಯ ಅಡಿ, ಒಸಡು ಇವನ್ನು ನೋಡಿಕೊಳ್ಳಬೇಕು. ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟರೆ ಸಾಮಾನ್ಯವಾಗಿ ಅವು ಸಲೀಸಾಗಿ ಹಿಡಿಯುತ್ತವೆ. ಹಿಡಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೂ ಹೋಗಬೇಕು. ಕಾರಣ ಯಾವುದೇ ಇರಲಿ, ಅದು ಅಲೈನರಿನ ಹುಣ್ಣೆಂದೇ ತೋರುತ್ತಿರಲಿ, ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ತೋರಿಸಲೇಬೇಕು. ತಾಲ್ಲೂಕು ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು; ಅಲ್ಲಿ ದಂತವೈದ್ಯ ಕಾಲೇಜುಗಳಿವೆ. ಮೊದಲೇ ತೋರಿಸಿದವರಿಗೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯಬಹುದಾದದ್ದು, ತಡಮಾಡಿದವರಿಗೆ ದವಡೆಯನ್ನೇ ಕತ್ತರಿಸಬೇಕಾದ ಸ್ಥಿತಿಗೆ ಬರಬಹುದು.

ಮನೆಯ ಮಗಳ ಬಾಯಲ್ಲಿ ಅಲೈನರಿನಿಂದ ಹುಣ್ಣಾದಾಗ ಮನೆಮಂದಿಯೆಲ್ಲ ಸುತ್ತ ನೆರೆಯುತ್ತಾರೆ. ಒಬ್ಬರು ಉಪ್ಪುನೀರು ಕಾಯಿಸುತ್ತಾರೆ, ಇನ್ನೊಬ್ಬರು ಸಾರಿಗೆ ಖಾರ ಕಡಿಮೆ ಮಾಡುತ್ತಾರೆ. ಅದೇ ಮನೆಯ ಜಗಲಿಯಲ್ಲಿ ದವಡೆಗೆ ಕಡ್ಡಿಪುಡಿ ಒತ್ತಿಕೊಂಡು ಕುಳಿತ ತಾತನನ್ನು ಬಾಯಿ ತೆರೆದು ತೋರಿಸೆಂದು ಯಾರೂ ಕೇಳುವುದಿಲ್ಲ. ನೊಗ ತಗುಲಿದ ಹೋರಿಯ ಹೆಗಲನ್ನು ದಿನವೂ ತಡವಿ ನೋಡಿದ ಕೈ ಅವರದು. ತಮ್ಮ ಕೆನ್ನೆಯ ಒಳಭಾಗವನ್ನು ಮಾತ್ರ ಅವರು ಎಂದೂ ನೋಡಿಕೊಂಡವರಲ್ಲ. ನೋವು ಕೂಗುತ್ತದೆ, ಆದ್ದರಿಂದ ಅದಕ್ಕೆ ಆರೈಕೆ ಸಿಗುತ್ತದೆ. ಕೂಗದೆ ಇರುವುದನ್ನು ಕೇಳಿಸಿಕೊಳ್ಳಲು ಪ್ರೀತಿಯೂ ತಿಳಿವಳಿಕೆಯೂ ಬೇಕು. ಶಾಲೆಯಲ್ಲಿ ಕಲಿತ ಮಗುವೊಂದು ಜಗಲಿಗೆ ಹೋಗಿ, “ತಾತ, ಒಂದು ಸಲ ಆ ಅನ್ನು” ಎಂದು ಕೇಳುವಂತಾದರೆ ಆ ಕಲಿಕೆ ಸಾರ್ಥಕವಾದಂತೆಯೇ ಸರಿ.