ಕೋಡಿಯ ಬಳಿ ಹೊಳೆದದ್ದು

ಸೊರಬ
ಜುಲೈ 14, ರಾತ್ರಿ

ಪ್ರೀತಿಯ ಅಣ್ಣನಿಗೆ,

ಬೆಳಿಗ್ಗೆ ಶಿವಮೊಗ್ಗದಲ್ಲಿ ಬಸ್ಸು ಹತ್ತುವಾಗ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಗೆ ಕೈಮುಗಿದು, ಶಿರಾಳಕೊಪ್ಪದಲ್ಲಿಳಿದು ಆಟೋ ಮಾಡಿಕೊಂಡು ತಾಳಗುಂದ, ಬಳ್ಳಿಗಾವಿ ನೋಡಿ ಸಂಜೆಗೆ ಇಲ್ಲಿ ಸೇರಿದೆ. ದಾರಿಯುದ್ದಕ್ಕೂ ನಾಟಿ, ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರು ಗದ್ದೆಯಲ್ಲಿ ಸಾಲಾಗಿ ಬಗ್ಗಿದ್ದರು.

ಬಳ್ಳಿಗಾವಿಯ ಕೇದಾರೇಶ್ವರ ಗುಡಿಯಲ್ಲಿ ಮಳೆಗೆ ನಿಂತೆ. ಕೋಡಿಮಠ ಇದ್ದದ್ದು ಇಲ್ಲೇ. ತಾವರೆಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. ವೇದ, ವ್ಯಾಕರಣ, ಬೌದ್ಧವೂ ಸೇರಿದಂತೆ ಹಲವು ದರ್ಶನಗಳ ಪಾಠ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಇಲ್ಲಿ ಸಿಗುತ್ತಿತ್ತೆಂದು 1162ರ ಶಾಸನ ಹೇಳುತ್ತದೆ.

'ನೀನು ಓದುವ ರ‍್ಯಾಂಡಮ್ ಡೈನಮಿಕಲ್ ಸಿಸ್ಟಮ್ಸ್ ಅಂದರೇನು?' ಎಂದು ನೀನು ಎಷ್ಟೋ ಸಲ ಕೇಳಿದ್ದೆ. ಉತ್ತರ ಈ ಕೋಡಿಯ ಬಳಿ ಹೊಳೆಯಿತು. ಕೆರೆಯಲ್ಲಿ ಉಳಿದ ನೀರಿಗೆ ಈ ವರ್ಷ ಬಂದ ನೀರು ಕೂಡಿಸು, ತೂಬಿನಲ್ಲಿ ಬಿಟ್ಟದ್ದನ್ನು ಕಳೆ, ಕೆರೆ ತುಂಬಿ ಮಿಕ್ಕಿದ್ದು ಕೋಡಿ ಬೀಳುತ್ತದೆ. ಲೆಕ್ಕದ ರೀತಿ ಪ್ರತಿ ವರ್ಷವೂ ಒಂದೇ; ಮಳೆ ಮಾತ್ರ ಯಾರ ಕೈಯಲ್ಲೂ ಇಲ್ಲ. ನಾನು ಓದುವುದು ಇಂಥ ಲೆಕ್ಕಗಳನ್ನೇ. ಈಗ ಒಂದೇ ಅಳತೆಯ ಎರಡು ಕೆರೆ ನೆನೆಸಿಕೋ. ಒಂದು ತುಂಬಿದೆ, ಇನ್ನೊಂದು ಬತ್ತಿದೆ. ಎರಡಕ್ಕೂ ಅದೇ ಮಳೆ, ಅದೇ ಬಳಕೆ. ಬತ್ತಿದ್ದ ಕೆರೆ ಒಂದೇ ಒಂದು ಸಲ ಕೋಡಿ ಬಿದ್ದರೆ ಸಾಕು, ಅಂದಿನಿಂದ ಎರಡರ ನೀರಿನ ಮಟ್ಟವೂ ಒಂದೇ. ಮೊದಲು ಎಷ್ಟಿತ್ತು ಎಂಬುದು ಅಳಿಸಿಹೋಯಿತು! ಆಸ್ಟ್ರೇಲಿಯಾದ ಮೊರಾನ್ 1954ರಲ್ಲಿ ಅಣೆಕಟ್ಟುಗಳಿಗೆ ಇಂಥದೇ ಗಣಿತ ಕಟ್ಟಿದರು.

ಈ ಶಾಸ್ತ್ರ ಒಬ್ಬರೇ ಕೂತು ಬೆಳೆಸಿದ್ದಲ್ಲ. ಮಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಗೋಪಿನಾಥ್ ಕಲ್ಯಾಣಪುರ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡಾಕ್ಟರೇಟ್ ಮಾಡಿದರು; ಭಾರತೀಯ ಸಾಂಖ್ಯಿಕ ಸಂಸ್ಥೆಯ ನಿರ್ದೇಶಕರಾಗಿದ್ದರು. ತಪ್ಪು ಬೆರೆತ ಅಳತೆಗಳಿಂದ, ಕಣ್ಣಿಗೆ ಕಾಣದ ನಿಜವಾದ ಚಲನೆಯನ್ನು ಅಂದಾಜು ಮಾಡುವ ಸೂತ್ರವನ್ನು ಷಾರ್ಲಟ್ ಸ್ಟ್ರೀಬೆಲ್ ಜೊತೆಗೂಡಿ ಕೊಟ್ಟರು. 1993ರಲ್ಲಿ ಅವರಿಗೆ ಅರ್ಪಿಸಿದ ಗೌರವಗ್ರಂಥದಲ್ಲಿ ರಬಿ ಭಟ್ಟಾಚಾರ್ಯ ಮತ್ತು ಬಿ.ವಿ. ರಾವ್ ಬರೆದ ಪ್ರಬಂಧವೊಂದಿದೆ: ಎರಡು ಸೂತ್ರಗಳಲ್ಲಿ ಪ್ರತಿ ಸಲ ಯಾವುದನ್ನು ಬಳಸುವುದೆಂದು ನಾಣ್ಯ ಚಿಮ್ಮಿದಂತೆ ಆರಿಸಿದರೆ ಕೊನೆಗೆ ಏನಾಗುತ್ತದೆ ಎಂಬ ವಿಚಾರ. ಅದೇ ಭಟ್ಟಾಚಾರ್ಯರು 2007ರಲ್ಲಿ ಅರ್ಥಶಾಸ್ತ್ರಜ್ಞ ಮುಕುಲ್ ಮಜುಂದಾರ್ ಜೊತೆ ಈ ವಿಷಯದ ಮೇಲೆ ಪುಸ್ತಕವನ್ನೇ ತಂದರು. ಒಬ್ಬರಿಗೆ ಸಂಭಾವ್ಯತೆ ಗೊತ್ತು, ಒಬ್ಬರಿಗೆ ಚಲನೆಯ ಗಣಿತ ಗೊತ್ತು, ಇನ್ನೊಬ್ಬರಿಗೆ ಸಂತೆ–ಬೆಳೆ–ಬೆಲೆಯ ವಿಚಾರ ಗೊತ್ತು. ಒಂದೇ ಹಲಗೆಯ ಮುಂದೆ ಕೂತರೇ ಇದು ಮುಂದಕ್ಕೆ ಸಾಗುವುದು. ಬೆಂಗಳೂರಿನ ಸಂಶೋಧನಾ ಕೇಂದ್ರ ಐಸಿಟಿಎಸ್‌ಗೆ ದೇಶವಿದೇಶದವರು ಬಂದು ವಾರಗಟ್ಟಲೆ ಒಟ್ಟಿಗೆ ಕೆಲಸ ಮಾಡುವುದೂ ಇದಕ್ಕೇ.

ಅಣ್ಣಾ, ಮುಖ್ಯ ಮಾತು ಈಗ ಬರೆಯುತ್ತೇನೆ. ನಿನ್ನ ಪುಟ್ಟಿಗೆ ಕೋಲ್ಕತ್ತದಲ್ಲಿ ಗಣಿತ ಎಂ.ಎಸ್ಸಿ. ಸೀಟು ಸಿಕ್ಕಿದೆ. ಹೆಣ್ಣುಮಗಳು, ಅಷ್ಟು ದೂರ, ಭಾಷೆ ಬಾರದ ಊರು ಎಂದು ನೀನು ಹಿಂದೆಮುಂದೆ ನೋಡುತ್ತಿದ್ದೀಯ. ನಿನ್ನ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಇವತ್ತು ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದೆ, ಮಳೆಯಲ್ಲಿ ನೆನೆಯುತ್ತಿದ್ದ ಕಲ್ಲಿನ ಕಂಬದ ಎದುರು ಬಹಳ ಹೊತ್ತು ನಿಂತಿದ್ದೆ. ಮಯೂರಶರ್ಮ ಹೆಚ್ಚಿನ ಓದಿಗೆಂದು ಕಂಚಿಯ ಘಟಿಕೆಗೆ ಹೋದ ಕಥೆ ಅದರಲ್ಲಿ ಕೊರೆದಿದೆ. ರೈಲಿಲ್ಲದ ಕಾಲ. ಅವನೂ ಒಬ್ಬನೇ ಹೋಗಲಿಲ್ಲ, ಗುರು ವೀರಶರ್ಮ ಜೊತೆಗೆ ಹೋದ.

ಪುಟ್ಟಿಯನ್ನು ಕಳಿಸು. ಆಷಾಢ ಕಳೆಯಲಿ ಎಂದು ಕಾಯುತ್ತ ಕೂರಬೇಡ, ಫೀಸು ಕಟ್ಟುವ ದಿನ ದಾಟಿಹೋಗುತ್ತದೆ. ರೈಲಿನ ಟಿಕೆಟ್ ನಾನು ಮಾಡಿಸುತ್ತೇನೆ. ಜೊತೆಗೆ ನಾನೇ ಹೋಗಿ, ಹಾಸ್ಟೆಲ್‌ಗೆ ಸೇರಿಸಿ ಬರುತ್ತೇನೆ.

ಇಂತಿ,
ನಿನ್ನ ತಂಗಿ